ಕಾವಳದ ವ್ಯಾಕರಣ

ನಾನು ಬರೆಯುತ್ತಿದ್ದ ಕಾದಂಬರಿಯ ಮೊದಲ ಕರಡನ್ನು ಓದಿ ಮುಗಿಸಿದ ನನ್ನ ತಂಗಿ, ಹಾಳೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಒಂದೇ ಮಾತು ಹೇಳಿದಳು: “ಅಕ್ಕಾ, ಮುನ್ನೂರು ಪುಟ ಮಂಜಿನೊಳಗೇ ನಡೆದೆ. ಒಂದು ಸಲಾನೂ ನನ್ನ ಸೆರಗು ಒದ್ದೆ ಆಗ್ಲಿಲ್ಲ.” ನನಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಅವಳು ಹೇಳಿದ್ದು ನಿಜವೆಂದು ಆ ಕ್ಷಣವೇ ಗೊತ್ತಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ ತಾಲ್ಲೂಕಿನ ತುರುವನೂರು ಕಡೆಯ ಎರೆಭೂಮಿಯ ಹಳ್ಳಿಯೊಂದರಲ್ಲಿ. ಈಗ ದಾವಣಗೆರೆಯಲ್ಲಿದ್ದು, ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮನೆಯವರು ಏಳುವವರೆಗೆ ಸಿಗುವ ಎರಡು ಗಂಟೆಗಳಲ್ಲಿ ನಾಲ್ಕು ವರ್ಷಗಳಿಂದ ಒಂದು ಕರಾಳ ಫ್ಯಾಂಟಸಿ ಕಾದಂಬರಿಯನ್ನು ಬರೆಯುತ್ತಾ ಬಂದಿದ್ದೇನೆ. ಮಳೆ ಮರೆತುಹೋದ ಒಂದು ನಾಡು, ಬಂಡೆಗಳ ನಡುವೆ ಎದ್ದ ಏಳು ಸುತ್ತಿನ ಕೋಟೆ, ಅದರ ಬುಡಕ್ಕೆ ಬಂದು ನಿಲ್ಲುವ ಶಾಪದ ಮಂಜು, ಅದನ್ನು ಉಸಿರಾಡಿದವರು ಒಳಗಿನಿಂದ ಕೆಡುತ್ತಾ ಹೋಗುವುದು, ಇಷ್ಟು ಅದರ ಹೂರಣ. ಈ ಮಂಜನ್ನು ಕಟ್ಟಲು ನನಗೆ ಮೂರು ಕರಡುಗಳು ಬೇಕಾದವು. ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಕರಡಿನ ಮಂಜು ಬರಿಯ ಪರದೆಯಾಗಿತ್ತು. ಅದರ ಹಿಂದೆ ವಿಕಾರ ಮೃಗಗಳಿದ್ದವು, ಮುಂದೆ ಕತ್ತಿ ಹಿಡಿದ ವೀರನಿದ್ದ. ಕೋಟೆಯ ಗೋಡೆಯಲ್ಲಿ ಒಂದು ಕಿಂಡಿಯಿತ್ತು, ಕಿಂಡಿಯ ಬಾಯಲ್ಲಿ ಒಬ್ಬ ಹೆಂಗಸು ಕಾದು ನಿಂತು ಒಳಗೆ ತೂರುವ ಒಂದೊಂದು ಮೃಗವನ್ನೂ ಹೊಡೆದು ಕೆಡವುತ್ತಿದ್ದಳು. ಚಿತ್ರದುರ್ಗದ ಮಕ್ಕಳಿಗೆ ಓಬವ್ವ ಎದೆಹಾಲಿನ ಜೊತೆಗೇ ಬರುವುದರಿಂದ ಅದು ನನ್ನ ಕೈಯಿಂದ ತಾನಾಗಿಯೇ ಇಳಿದ ದೃಶ್ಯ. ಆದರೆ ಒನಕೆಯ ಪೆಟ್ಟು ತಲೆಗೆ ಬೀಳುತ್ತದೆ, ಮಂಜಿಗೆ ತಲೆಯಿಲ್ಲ. ಹೊಡೆಯಲು ಆಗುವಂಥದ್ದನ್ನು ಮಂಜಿನೊಳಗೆ ತಂದಿಟ್ಟ ಕೂಡಲೇ ಮಂಜು ಹಿಂದೆ ಸರಿದು, ಮೃಗದ ಕಥೆಯೊಂದೇ ಉಳಿದಿತ್ತು. ಹಾಗಾಗಿ ಎರಡನೆಯ ಕರಡಿಗೆ ಕುಳಿತಾಗ ಮೊದಲು ಮೃಗಗಳನ್ನೆಲ್ಲ ತೆಗೆದುಹಾಕಿದೆ. ಆಮೇಲೆ ಮನಸ್ಸು ಗಟ್ಟಿಮಾಡಿಕೊಂಡು ಕಿಂಡಿಯ ಹೆಂಗಸನ್ನೂ ತೆಗೆದೆ.

ಹೆಸರಿನದೂ ಒಂದು ತೊಡಕಿತ್ತು. ‘ಮಂಜು’ ಎಂಬುದು ನಮ್ಮ ಬಾಯಲ್ಲಿ ತೀರ ಮೃದುವಾದ ಪದ. ನನ್ನ ಒಂದು ತರಗತಿಯಲ್ಲೇ ಮಂಜುಳಾ, ಮಂಜುನಾಥ ಸೇರಿ ‘ಮಂಜು’ ಎಂದು ಕರೆದರೆ ತಿರುಗಿ ನೋಡುವವರು ನಾಲ್ವರಿದ್ದಾರೆ. ‘ಇಬ್ಬನಿ’ ಭಾವಗೀತೆಗೆ ಸೇರಿಹೋಗಿದೆ, ‘ಹಿಮ’ ಎಂದರೆ ಓದುಗರ ಕಣ್ಣು ಹಿಮಾಲಯಕ್ಕೆ ಹೋಗುತ್ತದೆ. ಕೊನೆಗೆ ‘ಕಾವಳ’ ಎಂಬ ಪದಕ್ಕೆ ಬಂದು ನಿಂತೆ. ಕತ್ತಲೆಯೂ ಮಂಜೂ ಎರಡೂ ಅದರೊಳಗಿವೆ, ಉಚ್ಚರಿಸುವಾಗ ಗಂಟಲಿನ ತಳ ಸ್ವಲ್ಪ ಕಟ್ಟಿದಂತಾಗುತ್ತದೆ.

ಹೆಸರು ಸಿಕ್ಕಿದ ಮೇಲೆ ಅದರ ನಡವಳಿಕೆಯನ್ನು ಕಲಿಯಬೇಕಿತ್ತು. ನಿಜವಾದ ಮಂಜು ಹೇಗೆ ಹುಟ್ಟುತ್ತದೆ, ಹೇಗೆ ಚಲಿಸುತ್ತದೆ ಎಂಬುದನ್ನು ತಿಳಿಯದೆ ಮಾಯೆಯ ಮಂಜನ್ನು ಬರೆಯಲು ಹೊರಟದ್ದೇ ನನ್ನ ದೊಡ್ಡ ತಪ್ಪು. ಓದುತ್ತಾ ಹೋದಂತೆ ಬೆರಗಾಯಿತು. ಒಂದು ಕಿಲೋಮೀಟರಿಗಿಂತ ಆಚೆಗಿನದು ಕಾಣದಂತಾದಾಗ ಮಾತ್ರ ಹವಾಮಾನ ಶಾಸ್ತ್ರ ಅದನ್ನು ಮಂಜೆಂದು ಕರೆಯುತ್ತದೆ. ಕಣ್ಣನ್ನು ಅಷ್ಟು ಕಟ್ಟಿಹಾಕುವ ಮಂಜಿನಲ್ಲಿ ಒಂದು ಘನ ಮೀಟರಿಗೆ ಅರ್ಧ ಗ್ರಾಂ ನೀರಿದ್ದರೂ ಅದು ಹೆಚ್ಚೇ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲಿ ಹನಿಗಟ್ಟುತ್ತದೆ. ಎಂದರೆ ಮಂಜು ಬೇರೆಲ್ಲಿಂದಲೋ ನಡೆದು ಬರಬೇಕಾಗಿಲ್ಲ. ಇದ್ದ ಗಾಳಿಯೇ ಇದ್ದ ಜಾಗದಲ್ಲೇ ಮಂಜಾಗುತ್ತದೆ. ರಾಕ್ಷಸನ ಬಾಯಿಂದ ಹೊರಡುವ ಮಂಜನ್ನು ಬರೆದಿದ್ದ ನನಗೆ ಈ ಒಂದು ಸಂಗತಿ ಸಾಕಷ್ಟು ನಾಚಿಕೆ ತಂದಿತು.

ಓದಿದ್ದನ್ನು ಮೈಮೇಲೆ ಹಾಕಿಕೊಂಡು ನೋಡಬೇಕೆಂದು ಎರಡು ಕಡೆ ಹೋದೆ. ಆಷಾಢದಲ್ಲಿ ಒಂದು ಬೆಳಗ್ಗೆ ತಂಗಿಯ ಜೊತೆ ಜೋಗಿಮಟ್ಟಿ ಹತ್ತಿದೆ. ಅಲ್ಲಿ ಮಳೆಗಾಲದ ಮೋಡ ಗುಡ್ಡದ ನೆತ್ತಿಯ ಮೇಲೆ ಕೂರುತ್ತದೆ. ಕೆಳಗಿನ ಊರಿನವರಿಗೆ ಅದು ಮೋಡ, ಒಳಗೆ ನಿಂತವರಿಗೆ ಮಂಜು. ಸಾಲಾಗಿ ನಿಂತ ಗಾಳಿಯಂತ್ರಗಳು ಒಂದೂ ಕಾಣುತ್ತಿರಲಿಲ್ಲ, ಅವುಗಳ ರೆಕ್ಕೆ ಗಾಳಿಯನ್ನು ಸೀಳುವ ಸದ್ದು ಮಾತ್ರ ತಲೆಯ ಮೇಲೆ ಎಲ್ಲಿಂದಲೋ ಇಳಿದು ಬರುತ್ತಿತ್ತು. ನಾನು ಅಜ್ಜನ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡಿದ್ದೆ. ಅರ್ಧ ಗಂಟೆಯ ಮೇಲೆ ನೋಡಿದರೆ ಕಂಬಳಿಯ ಒಂದೊಂದು ಕೂದಲ ತುದಿಯಲ್ಲೂ ಸಾಸಿವೆ ಕಾಳಿಗಿಂತ ಸಣ್ಣ ಹನಿ ನಿಂತಿತ್ತು. ಬೆರಳಿನಿಂದ ಸವರಿದಾಗ ಹನಿಗಳೆಲ್ಲ ಒಂದಾಗಿ ಮೊಣಕೈವರೆಗೆ ಹರಿದವು. ಮಳೆ ಬಿದ್ದಿರಲಿಲ್ಲ, ಆದರೂ ನಾನು ನೆನೆದಿದ್ದೆ. ತಂಗಿ ತನ್ನ ಸೆರಗನ್ನು ಹಿಂಡಿ, ಏನೂ ಹೇಳದೆ ನನ್ನ ಮುಖ ನೋಡಿದಳು.

ಎರಡನೆಯದು ಪುಷ್ಯ ಮಾಸದಲ್ಲಿ ನಮ್ಮದೇ ಎರೆಹೊಲದಲ್ಲಿ ಕಂಡದ್ದು. ನಸುಕಿನಲ್ಲಿ ಹೋಗಿ ಬದುವಿನ ಮೇಲೆ ನಿಂತಾಗ ತೆಳುವಾದ ಪೊರೆಯಷ್ಟೇ ಇತ್ತು. ಹೊತ್ತು ಹುಟ್ಟಿದರೆ ಅದೂ ಹೋಗುತ್ತದೆಂದು ಎಣಿಸಿದ್ದೆ. ಆದರೆ ಹೊತ್ತು ಹುಟ್ಟಿದ ಮೇಲೆ ಅದು ಇನ್ನೂ ದಟ್ಟವಾಯಿತು, ಬೇಲಿಯ ಜಾಲಿ ಮರವೇ ಮರೆಯಾಯಿತು. ಆಮೇಲೆ ಓದಿ ತಿಳಿದಂತೆ, ಸೂರ್ಯನ ಮೊದಲ ಬಿಸಿಗೆ ನೆಲದ ಬಳಿಯ ಗಾಳಿ ಕದಡಿ, ತಳದಲ್ಲಿದ್ದ ತೇವ ಮೇಲೆದ್ದು ಹರಡುವುದರಿಂದ ಇಂಥ ಮಂಜು ಅನೇಕ ಸಲ ಸೂರ್ಯೋದಯದ ಆಸುಪಾಸಿನಲ್ಲೇ ಅತ್ಯಂತ ದಟ್ಟವಾಗಿರುತ್ತದೆ, ಆಮೇಲಷ್ಟೇ ಕರಗುತ್ತದೆ. ಕೇಡೆಲ್ಲ ರಾತ್ರಿಯದು, ಬೆಳಕಾದರೆ ಬದುಕಿದೆವು ಎಂದು ಬರೆದಿದ್ದ ನನ್ನ ಅಧ್ಯಾಯಗಳು ಆ ಬದುವಿನ ಮೇಲೆಯೇ ಬಿದ್ದುಹೋದವು. ಈಗಿನ ಕರಡಿನಲ್ಲಿ ಕಾವಳ ರಾತ್ರಿಯೆಲ್ಲ ಹೊಸ್ತಿಲ ಮಟ್ಟದಲ್ಲಿ ಮಲಗಿರುತ್ತದೆ. ಕೋಳಿ ಕೂಗಿತೆಂದು ನಂಬಿ ಕದ ತೆಗೆದವರ ಎದೆಯ ಮಟ್ಟಕ್ಕೆ ಆಗ ಏಳುತ್ತದೆ.

ಅದು ತಗ್ಗಿಗೆ ಹರಿಯುತ್ತದೆ ಎಂಬುದರಿಂದ ಇಡೀ ನಾಡಿನ ನಕ್ಷೆಯೇ ಬದಲಾಯಿತು. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕಾದ ಕ್ಯಾಮರೂನಿನಲ್ಲಿ ನ್ಯೋಸ್ ಎಂಬ ಸರೋವರ ತನ್ನ ತಳದಲ್ಲಿ ಕೂಡಿಟ್ಟುಕೊಂಡಿದ್ದ ಇಂಗಾಲದ ಡೈಆಕ್ಸೈಡನ್ನು ಒಮ್ಮೆಲೇ ಹೊರಗೆ ಬಿಟ್ಟಿತು. ಗಾಳಿಗಿಂತ ಭಾರವಾದ ಆ ಅನಿಲ ಕಣಿವೆಗಳನ್ನು ಹಿಡಿದು ನೀರಿನಂತೆ ಹರಿದು, ಮಲಗಿದ್ದ 1,700ಕ್ಕೂ ಹೆಚ್ಚು ಜನರನ್ನು ಉಸಿರುಗಟ್ಟಿಸಿ ಕೊಂದಿತು. ಎತ್ತರದಲ್ಲಿ ಮಲಗಿದ್ದವರು ಉಳಿದರು. ಇದನ್ನು ಓದಿದ ವಾರವೇ ದುರ್ಗದ ಕೋಟೆಗೆ ಹೋಗಿ, ಬೆಳಗಿನ ವಾಯುವಿಹಾರಕ್ಕೆ ಬಂದವರ ನಡುವೆ, ಮೇಲಿನಿಂದ ಕೆಳಗಿನವರೆಗೆ ಹೊಂಡಗಳನ್ನು ನೋಡುತ್ತಾ ಇಳಿದೆ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಹಿಂದಿನವರು ಕಟ್ಟಿದ ಆ ಏರ್ಪಾಡನ್ನು ಚಿಕ್ಕಂದಿನಿಂದ ನೋಡಿದ್ದೆ. ಆ ದಿನ ಅದನ್ನು ತಲೆಕೆಳಗಾಗಿ ನೋಡಿದೆ. ನೀರು ಇಳಿಯುವ ದಾರಿಯಲ್ಲೇ ಕಾವಳ ಏರುತ್ತದೆ. ಮೊದಲು ಹೊರಸುತ್ತಿನ ಕೂಲಿಯವರ, ನೇಯುವವರ ಗುಡಿಸಲು, ಆಮೇಲೆ ಪೇಟೆಯ ಸುತ್ತು, ಕಟ್ಟಕಡೆಗೆ ಅರಮನೆ. ಮೇಲಿನ ಸುತ್ತಿನವರಿಗೆ ಕೆಳಗಿನದು ಬಹಳ ಕಾಲ ಬಿಳಿಯ, ಚೆಲುವಾದ ಸಮುದ್ರದಂತೆ ಕಾಣುತ್ತದೆ. ಆ ಒಂದು ಅಧ್ಯಾಯವನ್ನು ಬರೆಯುವಾಗ ನನ್ನ ಕೈ ಎಲ್ಲೂ ನಿಲ್ಲಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಕೆಡಿಸುವ ಮಂಜು ಬರುತ್ತಿದೆ ಎಂದು ಗೊತ್ತಿದ್ದರೆ ಜನ ಊರು ಬಿಟ್ಟು ಹೋಗಬಾರದೇ? ಏಕೆ ಉಳಿಯುತ್ತಾರೆ? ಉತ್ತರ ಸಿಕ್ಕಿದ್ದು ನಮ್ಮ ಮನೆಯ ಅಟ್ಟದಲ್ಲಿದ್ದ ಒಂದು ಗಾಜಿನ ಬಾಟಲಿಯಲ್ಲಿ.

ನನ್ನ ಅಜ್ಜಿ ಕಡಲೆ ಹುಳಿ ಹಿಡಿಯುತ್ತಿದ್ದಳು. ಕಡಲೆ ಗಿಡದ ಎಲೆ, ಕಾಯಿಗಳ ಮೇಲಿನ ನವಿರು ರೋಮಗಳು ಹುಳಿಯನ್ನು ಸ್ರವಿಸುತ್ತವೆ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಅದು ಕರಗುತ್ತದೆ. ಅಜ್ಜಿ ಸಂಜೆ ಅಜ್ಜನ ಹಳೆಯ ಪಂಚೆಯನ್ನು ಒಗೆದು, ಹೂಬಿಟ್ಟ ಕಡಲೆಯ ಸಾಲುಗಳ ಮೇಲೆ ಹಾಸಿ ಬರುತ್ತಿದ್ದಳು. ಬೆಳಗಿನ ಜಾವ ನಾವಿಬ್ಬರೂ ಹೋಗಿ ಎರಡೂ ತುದಿ ಹಿಡಿದು ಅದನ್ನು ಪಿಂಗಾಣಿ ಬಟ್ಟಲಿಗೆ ಹಿಂಡುತ್ತಿದ್ದೆವು. ಚಳಿಗೆ ಒಡೆದ ಬೆರಳ ಸಂದಿಗೆ ಆ ನೀರು ಇಳಿದಾಗ ಉರಿಯುತ್ತಿತ್ತು, ಆದರೂ ನೆಕ್ಕದೆ ಇರಲು ಆಗುತ್ತಿರಲಿಲ್ಲ. ಹಾಗೆ ಹಿಡಿದ ಹುಳಿಯನ್ನು ಬಾಟಲಿಗೆ ತುಂಬಿಟ್ಟು, ಹೊಟ್ಟೆನೋವು ಅಜೀರ್ಣವೆಂದು ಬಂದವರಿಗೆಲ್ಲ ಚಮಚದ ಲೆಕ್ಕದಲ್ಲಿ ಕೊಡುತ್ತಿದ್ದಳು. ಬೆರಳನ್ನು ಉರಿಸುವುದೇ ಹೊಟ್ಟೆಯನ್ನು ತಣಿಸುತ್ತದೆ ಎಂಬುದು ಆಗ ನನಗೆ ಆಶ್ಚರ್ಯವೆನಿಸಿರಲಿಲ್ಲ.

ಅಪ್ಪನನ್ನು ಕೇಳಿದೆ, ಮಂಜು ನಮಗೆ ಒಳ್ಳೆಯದೋ ಕೆಟ್ಟದ್ದೋ ಎಂದು. ಅಪ್ಪ ಯೋಚಿಸಿ, “ಯಾವ ಬೆಳೆ ಹಾಕೀಯ ಅನ್ನೋದರ ಮ್ಯಾಲೆ ಕಣವ್ವ. ಕಡ್ಲೆ ಇಬ್ನಿ ಕುಡ್ಕೊಂಡೇ ಬದುಕ್ತತಿ. ತೊಗರಿ ಹೂವಿಗೆ ಮಂಜು ಕವೀತೋ, ಮುಗೀತು, ನೆಲ ಎಲ್ಲಾ ಹಳದಿ” ಎಂದರು. ಈರುಳ್ಳಿ ಹಾಕಿದವರೂ ಅಷ್ಟೇ, ನಾಲ್ಕು ದಿನ ಬಿಡದೆ ಮಂಜು ಕವಿದರೆ ಗರಿಯ ಮೇಲೆ ನೇರಳೆ ಮಚ್ಚೆ ಏಳುತ್ತದೆಂದು ನಿದ್ದೆಗೆಡುತ್ತಾರೆ. ಒಂದೇ ಬದುವಿನ ಈಚೆಗೆ ಬೇಕಾದದ್ದು ಆಚೆಗೆ ಶಾಪ.

ಆಗ ನನ್ನ ಕಾವಳಕ್ಕೆ ಜೀವ ಬಂತು. ಮಳೆ ಕಾಣದ ನಾಡಿಗೆ ಅದು ನೀರಾಗಿ ಬರುತ್ತದೆ. ಚಿಲಿ ದೇಶದ ಒಣ ಕರಾವಳಿಯ ಚುಂಗುಂಗೋ ಎಂಬ ಹಳ್ಳಿಯವರು 1990ರ ದಶಕದಲ್ಲಿ ಗುಡ್ಡದ ಮೇಲೆ ಬಲೆಗಳನ್ನು ಕಟ್ಟಿ, ಸಮುದ್ರದಿಂದ ಬರುವ ಮಂಜನ್ನು ಹಿಡಿದು ಕುಡಿಯುವ ನೀರು ಮಾಡಿಕೊಂಡಿದ್ದರು. ನನ್ನ ಕಥೆಯಲ್ಲಿ ಹೊರಸುತ್ತಿನ ಕಂಬಳಿ ನೇಯುವವಳೊಬ್ಬಳು ತೆನೆಗೋಡೆಗೆ ಕಂಬಳಿ ಇಳಿಬಿಟ್ಟು, ಬೆಳಗ್ಗೆ ಹಿಂಡಿ, ಮೂರು ವರ್ಷಗಳ ಮೇಲೆ ಮೊದಲ ಸಲ ತನ್ನ ಕೂಸಿಗೆ ತಲೆತುಂಬ ನೀರು ಹಾಕುತ್ತಾಳೆ. ಊರು ಆವೊತ್ತು ಹಬ್ಬ ಮಾಡುತ್ತದೆ. ಶಾಪವನ್ನು ಆರತಿ ಎತ್ತಿ ಬರಮಾಡಿಕೊಂಡವರು ಅದನ್ನು ಬಿಟ್ಟು ಹೋಗುವುದು ಹೇಗೆ? ಈ ದೃಶ್ಯ ಬರೆದ ದಿನ ನಾನು ಕಾಲೇಜಿಗೆ ತಡವಾಗಿ ಹೋದೆ.

ಕೆಡಿಸುವ ಬಗೆಯನ್ನೂ ದೂರದಿಂದ ತರಬೇಕಾಗಲಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಲ್ಲಿನಿಂದಲೇ ಬಿಡುವ ವಿಷ ಅದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ. ಮೀರಿದರೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರು ನೀರಿನಂತೆಯೇ ಇರುತ್ತದೆ. ಗುರುತು ಮೊದಲು ಕಾಣುವುದು ಮಕ್ಕಳ ಹಲ್ಲಿನಲ್ಲಿ, ಏಕೆಂದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಒಳಗೆ ಹೋದದ್ದು ಹಲ್ಲಿನ ಭಾಗವೇ ಆಗಿಬಿಡುತ್ತದೆ. ನನ್ನ ಜೊತೆ ಓದಿದ ಗೆಳತಿ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅದು ನಾಚಿಕೆಯ ಸ್ವಭಾವವೆಂದು ನಾನು ಬಹಳ ವರ್ಷ ನಂಬಿದ್ದೆ, ಅವಳ ಹಲ್ಲಿನ ಕಂದು ಪಟ್ಟೆಯನ್ನು ಕಂಡದ್ದು ಅವಳ ಮದುವೆಯ ದಿನ. ದೊಡ್ಡವರಲ್ಲಿ ಅದು ಎಲುಬಿಗೆ ಇಳಿದು, ಬೆನ್ನು ಬಗ್ಗದಂತಾಗಲು ವರ್ಷಗಳೇ ಬೇಕು. ಕಾವಳಕ್ಕೂ ನಾನು ಇದೇ ನಿಧಾನವನ್ನು ಕೊಟ್ಟೆ. ಮೊದಲ ಗುರುತು ಮಕ್ಕಳಲ್ಲಿ, ಅದೂ ಅವರು ನಕ್ಕಾಗ.

ಬಿಟ್ಟು ಹೋದವರೂ ಹಿಂತಿರುಗಿ ಬರುವುದೇಕೆ ಎಂಬುದಕ್ಕೆ ದಾವಣಗೆರೆಯ ನಮ್ಮ ಓಣಿಯ ಹಿರಿಯರೊಬ್ಬರ ಮಾತು ಆಧಾರವಾಯಿತು. ಈಗ ಮುಚ್ಚಿಹೋಗಿರುವ ಹತ್ತಿ ಗಿರಣಿಯೊಂದರಲ್ಲಿ ದುಡಿದವರು ಅವರು. ಅರಳೆಯ ಧೂಳು ಅಲ್ಲಿ ಮಂಜಿನಂತೆಯೇ ನಿಂತಿರುತ್ತಿತ್ತಂತೆ. ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಹಿಡಿಯುತ್ತಿತ್ತು, ಎರಡು ದಿನ ಕಳೆದರೆ ಸಡಿಲವಾಗುತ್ತಿತ್ತು ಎಂದು ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಹತ್ತಿಯ ಧೂಳಿನ ಈ ಕಾಯಿಲೆಯನ್ನು ವೈದ್ಯರೂ ‘ಸೋಮವಾರದ ಜ್ವರ’ ಎನ್ನುತ್ತಾರೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕವಿದು, ಕಲ್ಲಿದ್ದಲ ಹೊಗೆಯ ಗಂಧಕವನ್ನು ಹನಿಯೊಳಗೆ ಆಮ್ಲವಾಗಿಸಿ, ಮೊದಲ ಲೆಕ್ಕದಲ್ಲೇ ನಾಲ್ಕು ಸಾವಿರ ಜನರ ಸಾವಿಗೆ ಕಾರಣವಾದ ಹೊಗೆಮಂಜಿನ ಬಗ್ಗೆಯೂ ಬಹಳ ಓದಿದೆ. ಆದರೆ ಕಾದಂಬರಿಗೆ ಬಂದದ್ದು ಆ ಹಿರಿಯರು ಎದೆಯ ಮೇಲಿಟ್ಟ ಕೈ.

ಇನ್ನು ಶಾಪ. ಶಾಪವೆಂದರೆ ಯಾರೋ ಕೋಪಗೊಂಡು ಕೈಯೆತ್ತುವುದು ಎಂದೇ ನಾನೂ ಬರೆದಿದ್ದೆ. ಕನ್ನಡ ಕಲಿಸುವವಳಾಗಿ ನನಗೆ ಮೊದಲೇ ಹೊಳೆಯಬೇಕಿತ್ತು. ನಮ್ಮಲ್ಲಿ ಶಾಪಗಳನ್ನು ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ದಾನಶಾಸನಗಳ ಕೊನೆಯ ಸಾಲುಗಳನ್ನು ನೋಡಿದರೆ, ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು, ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುವನು ಎಂದು ಊರೂರಲ್ಲಿ ಇದೆ. ಅವು ಕೋಪದ ಮಾತುಗಳಲ್ಲ, ಷರತ್ತುಗಳು. ಒಪ್ಪಂದ ಮುರಿಯುವವರೆಗೂ ಶಾಪ ಕಲ್ಲಿನಲ್ಲಿ ಮಲಗಿರುತ್ತದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಬರೆಸಿದ ಪ್ರಾಕೃತ ಶಾಸನವೂ ಒಂದು ಕೆರೆಯ ಮಾತನ್ನೇ ಹೇಳುತ್ತದೆ. ಕೆರೆಗೆ ನೀರು ಬರಲೆಂದು ಮನೆಯ ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ಕೇಳದೆ ನಮ್ಮ ಕಡೆ ಯಾರೂ ಬೆಳೆದಿಲ್ಲ. ಇವೆರಡನ್ನೂ ಕೂಡಿಸಿದೆ. ನನ್ನ ನಾಡಿನ ಕೆರೆಗೆ ಒಬ್ಬ ಹೆಣ್ಣುಮಗಳು ಆಹುತಿಯಾಗಿದ್ದಳು, ಅವಳ ಹೆಸರು ಶಾಸನದಲ್ಲಿತ್ತು, ಮುಂದೆ ಬಂದ ಅರಸೊಬ್ಬ ಆ ಸಾಲನ್ನು ಕೆತ್ತಿಸಿ ತೆಗೆದು ತನ್ನ ಹೆಸರು ಹಾಕಿಸಿದ. ಅಂದು ಕೆರೆಯ ನೀರು ಹೋಯಿತು. ತಲೆಮಾರುಗಳ ಮೇಲೆ ಅದೇ ನೀರು ಕಾವಳವಾಗಿ ಬಂತು.

ಋಣ ಮರೆತವರಿಗೆ ಬಂದ ಶಾಪವಾದ್ದರಿಂದ ಅದು ಕೆಡಿಸುವುದೂ ಋಣವನ್ನೇ ಆಗಬೇಕಿತ್ತು. ಕಾವಳ ಕುಡಿದವರಿಗೆ ಮೈ ಕೊಳೆಯುವುದಿಲ್ಲ, ಕೊಂಬು ಮೂಡುವುದಿಲ್ಲ. ಅವರು ಮೊದಲು ಮರೆಯುವುದು ತಮಗೆ ಕೊಟ್ಟವರನ್ನು. ಯಾರ ಮನೆಯ ಕಡ ತಂದ ಹಿಟ್ಟು, ಯಾರು ಹೆರಿಗೆಗೆ ಬಂದು ನಿಂತದ್ದು, ಯಾರು ಹೆಗಲು ಕೊಟ್ಟದ್ದು ಎಂಬುದು ಒಂದೊಂದಾಗಿ ಹೋಗುತ್ತದೆ. ಇದನ್ನು ಮಾತಿನಲ್ಲೇ ತೋರಿಸಬೇಕೆಂದು ನನಗೊಂದು ಉಪಾಯ ಹೊಳೆಯಿತು. ಕೆಡುತ್ತಾ ಹೋದಂತೆ ಅವರ ಬಾಯಿಂದ ಅಣ್ಣ, ಅತ್ತೆ, ದೊಡ್ಡವ್ವ ಎಂಬ ಕರೆಗಳು ಬಿದ್ದುಹೋಗುತ್ತವೆ, ಆಮೇಲೆ ‘ಬಂದರು’ ಎನ್ನುತ್ತಿದ್ದವರು ‘ಬಂದಳು’ ಎನ್ನುತ್ತಾರೆ, ಕೊನೆಗೆ ‘ಬಂತು’ ಎನ್ನುತ್ತಾರೆ. ಮನುಷ್ಯರು ಮೆಟ್ಟಿಲಿಳಿದು ನಪುಂಸಕಲಿಂಗಕ್ಕೆ ಬಂದು ನಿಲ್ಲುವುದು ಕನ್ನಡದ ಕ್ರಿಯಾಪದ ಮಾತ್ರ ಮಾಡಿ ತೋರಿಸಬಲ್ಲ ಭೀಕರತೆ ಎಂದು ಹಿಗ್ಗಿ, ಎರಡನೆಯ ಕರಡನ್ನು ಆ ಮೆಟ್ಟಿಲುಗಳ ಮೇಲೆಯೇ ಕಟ್ಟಿದೆ.

ತಂಗಿ ಈ ಸಲ ಓದುವಾಗ ಪೆನ್ಸಿಲ್ ಹಿಡಿದಿದ್ದಳು. “ಅಕ್ಕಾ, ನಾವು ಅವ್ವಗೆ ಯಾವಾಗ ‘ನೀವು’ ಅಂದೀವಿ?” ಎಂದು ಕೇಳಿದಳು. ನಿಜವೇ, ನಮ್ಮ ಹಳ್ಳಿಯಲ್ಲಿ ಅವ್ವ ಎಂದರೆ ‘ನೀನು’. ಏಕವಚನವೇ ನಮ್ಮ ಸಲಿಗೆ. ನಾನು ಕಟ್ಟಿದ್ದು ಪುಸ್ತಕದ ಮೆಟ್ಟಿಲು, ಮನೆಯದ್ದಲ್ಲ. ಹಾಗಾಗಿ ಮೂರನೆಯ ಕರಡಿನಲ್ಲಿ ಎಲ್ಲರಿಗೂ ಒಂದೇ ಏಣಿಯನ್ನು ಇಡದೆ, ಒಂದೊಂದು ಮನೆಯಲ್ಲೂ ಯಾರು ಯಾರನ್ನು ಹೇಗೆ ಕರೆಯುತ್ತಾರೆಂದು ಬೇರೆ ಬೇರೆ ಬರೆದುಕೊಂಡೆ. ಕೇಡು ಎಂದರೆ ಆ ಮನೆಯ ರೂಢಿಯಿಂದ ಮಾತು ಸರಿಯುವುದು. ಕೆಲವು ಕಡೆ ಅದು ಮರ್ಯಾದೆಯ ರೂಪದಲ್ಲೇ ಬಂತು. ಹುಟ್ಟಿದಂದಿನಿಂದ “ಅವ್ವಾ, ನೀನು ಉಣ್ಣು” ಎನ್ನುತ್ತಿದ್ದ ಮಗಳು ಒಂದು ಬೆಳಗ್ಗೆ ಕಂಬಳಿ ಹಿಂಡುತ್ತಾ, ತಲೆಯೆತ್ತದೆ, “ನೀವು ಊಟ ಮಾಡಿ” ಎನ್ನುತ್ತಾಳೆ. ಆ ಪುಟದಲ್ಲಿ ಬೇರೇನೂ ನಡೆಯುವುದಿಲ್ಲ. ಅದನ್ನು ಬರೆದು ಮುಗಿಸಿ ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ.

‘ಅದು’ ಎಂಬುದರ ಕಥೆ ಇನ್ನೂ ಕಠಿಣ. ಪ್ರತಿ ವರ್ಷ ತರಗತಿಯಲ್ಲಿ ಲಿಂಗಗಳನ್ನು ಕಲಿಸುವಾಗ, ಮನುಷ್ಯರನ್ನು ಹೇಳುವ ಪದಗಳಾದರೂ ಮಗು, ಕೂಸು, ಶಿಶು ಇವು ನಪುಂಸಕಲಿಂಗ ಎಂದು ನಾನೇ ಹಲಗೆಯ ಮೇಲೆ ಬರೆಯುತ್ತೇನೆ. “ಅದು ಮಲಗಿತು”, “ಅದಕ್ಕೆ ಹಸಿವಾಗಿದೆ” ಎಂದು ಎದೆಗೆ ಒತ್ತಿಕೊಂಡೇ ಹೇಳುತ್ತೇವೆ. ಅತ್ಯಂತ ಪ್ರೀತಿಯ ಮಾತೂ, ಕೇಡಿನ ಕೊನೆಯ ಮೆಟ್ಟಿಲೂ ಒಂದೇ ಪದದಲ್ಲಿದ್ದರೆ ಓದುಗರು ಅವೆರಡನ್ನು ಹೇಗೆ ಬೇರೆ ಮಾಡಿ ತಿಳಿಯಬೇಕು? ಒಂದು ತಿಂಗಳು ಆ ಪದವನ್ನೇ ಬಿಟ್ಟು ಬರೆಯಲು ನೋಡಿದೆ, ವಾಕ್ಯಗಳು ಕುಂಟಿದವು. ಆಮೇಲೆ ಬೇರೆ ಮಾಡುವ ಪ್ರಯತ್ನವನ್ನೇ ಬಿಟ್ಟೆ. ಕಾವಳ ಆರನೆಯ ಸುತ್ತನ್ನು ಮುಟ್ಟಿದಾಗ ಕಂಬಳಿ ನೇಯುವವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಂಡದ ಮೆಟ್ಟಿಲ ಮೇಲೆ ಕುಳಿತಿರುತ್ತಾಳೆ. ಕಾವಲಿನವನು ಯಾರ ಮಗುವೆಂದು ಕೇಳಿದಾಗ ಅವಳು, “ಅದಾ? ಮಲಗೈತಿ” ಎನ್ನುತ್ತಾಳೆ. ಅವಳಿಗೆ ಕೂಸಿನ ನೆನಪು ಇನ್ನೂ ಇದೆಯೇ ಎಂದು ಕಾವಲಿನವನಿಗೆ ತಿಳಿಯುವುದಿಲ್ಲ. ನನಗೂ ತಿಳಿಯದಂತೆ ಆ ದೃಶ್ಯವನ್ನು ಬರೆದೆ.

ಕಳೆದ ಪುಷ್ಯದಲ್ಲಿ ಹಳ್ಳಿಗೆ ಹೋದಾಗ ಆ ಅಧ್ಯಾಯವನ್ನು ಅವ್ವಗೆ ಓದಿ ಹೇಳಿದೆ. ಅವ್ವಗೆ ಓದು ಬರುವುದಿಲ್ಲ. ಇಂಥ ಕಥೆಗಳ ರೂಢಿಯೂ ಇಲ್ಲ. ಒಲೆಯ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಾ, ಸುಲಿದ ಕಾಳನ್ನು ಮೊರಕ್ಕೆ ಹಾಕುತ್ತಾ ಪೂರ್ತಿ ಕೇಳಿದಳು. ಕಾವಳದ ಬಗ್ಗೆ ಏನೂ ಕೇಳಲಿಲ್ಲ, ಶಾಪದ ಬಗ್ಗೆಯೂ ಕೇಳಲಿಲ್ಲ. ನಾನು ಹಾಳೆ ಮಡಿಸಿದ ಮೇಲೆ ಕೈಯಲ್ಲಿದ್ದ ಕಾಯಿಯನ್ನು ಸುಲಿಯದೆ ಹಾಗೇ ಹಿಡಿದುಕೊಂಡು, “ಅದು ಉಂಡ್ತಾ, ಕಡೀಗೆ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಮೂರನೆಯ ಕರಡಿನಲ್ಲಿ, ಕಾವಲಿನವನು ಹೊಂಡದ ಮೆಟ್ಟಿಲಿಂದ ಎದ್ದು ಹೋಗುವ ಮುನ್ನ ಆ ಹೆಂಗಸನ್ನು ಕೇಳುವ ಪ್ರಶ್ನೆ ಈಗ ಅದೇ.